ಕೆರೆಯ ಹಾವಸೆಯೂ ಮೈಲುತುತ್ತವೂ

ಮಳೆ ಹಿಂದಾದ ಮೇಲೆ ನಮ್ಮ ಬಾದಾಮಿ, ಹುನಗುಂದ ಸೀಮೆಗಳ ಕೆರೆಹೊಂಡಗಳಲ್ಲಿ ನೀರು ಕುಗ್ಗುತ್ತ ಬಂದಂತೆ ಹಸಿರು ಹಾವಸೆಯು ಕೆನೆಗಟ್ಟುವುದುಂಟು. ಕೂಡಲೆ ಮೈಲುತುತ್ತವನ್ನು ಹಾಕಿಸಿ, ನೀರು ತಿಳಿಯಾಯಿತೆಂದು ಸಮಾಧಾನಪಡುವುದು ಅಪಾಯಕರವೆಂದು ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಬಿನ್ನವಿಸಬೇಕಾಗಿದೆ.

ಕೆರೆಯ ನೀರು ಬರಿಯ ನೀರಲ್ಲ. ಅದರ ಒಂದು ಮಿಲಿಲೀಟರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಗಳೂ, ಅವುಗಳ ಹತ್ತು ಪಟ್ಟು ವೈರಸುಗಳೂ ಇರುವುದು ಸಾಮಾನ್ಯ. ಬ್ಯಾಕ್ಟೀರಿಯಗಳಲ್ಲಿ ಕೆಲವು ಎಲೆಕಸವನ್ನು ಕೊಳೆಯಿಸುವುವು. ಕೆಲವು ಸಗಣಿ-ಗಂಜಲದ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವುವು. ಕೆಲವು ಗಾಳಿಯ ಸಾರಜನಕವನ್ನೇ ಹಿಡಿದಿಡುವುವು. ವೈರಸೆಂದೊಡನೆ ಬೆದರಬೇಕಾಗಿಲ್ಲ. ನೀರಿನ ವೈರಸುಗಳಲ್ಲಿ ಬಹುಪಾಲು ಮನುಷ್ಯರ ಗೊಡವೆಗಾಗಲಿ ದನಕರುಗಳ ಗೊಡವೆಗಾಗಲಿ ಬರಲಾರವು. ಒಂದೊಂದು ಜಾತಿಯೂ ತನಗೆ ಗುರಿಯಾದ ಬ್ಯಾಕ್ಟೀರಿಯವನ್ನು ಮಾತ್ರ ಹೊಕ್ಕು ಕೊಲ್ಲುವುದು. ಯಾವುದು ಮಿತಿಮೀರಿ ಹೆಚ್ಚುವುದೋ ಅದರ ವೈರಿಯೂ ಹೆಚ್ಚುವುದರಿಂದ, ಒಂದೇ ಜಾತಿಯು ಕೆರೆಯನ್ನೆಲ್ಲ ಆಕ್ರಮಿಸುವುದು ಸುಲಭವಲ್ಲ. ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿಯು ಗಂಗಾ ಯಮುನಾ ನದಿಗಳ ನೀರಿನಲ್ಲಿ ಕಾಲರಾ ಜೀವಾಣುಗಳು ಸಾಯುವುದನ್ನೂ, ನೀರನ್ನು ಕುದಿಸಿದರೆ ಆ ಗುಣವು ಅಳಿಯುವುದನ್ನೂ 1896ರಲ್ಲಿ ಪ್ರಕಟಿಸಿದನು. ಇಂಥ ವೈರಸುಗಳೇ ಅದಕ್ಕೆ ಕಾರಣವೆಂದು ಹಲವರ ಮತ. ಇದನ್ನು ಕೇಳಿ ಹೊಳೆಯ ನೀರನ್ನು ಹಾಗೆಯೇ ಕುಡಿಯಬಹುದೆಂದು ಯಾರೂ ಭಾವಿಸಕೂಡದು. ಕಾಲರಾ ಆ ನದಿಗಳ ದಡದಲ್ಲಿಯೇ ಮೆರೆದಿತ್ತು.

ಮೇಲಿನ ಹೊಲಗಳ ರಂಜಕದ ಗೊಬ್ಬರವೂ ತಿಪ್ಪೆಯ ರಸವೂ ಊರ ಬಚ್ಚಲನೀರೂ ಕೆರೆಗೆ ಇಳಿದಾಗ ಈ ಸಮತೋಲವು ಕೆಡುವುದು. ಆಗ ನೀಲಿ-ಹಸಿರು ಹಾವಸೆಯ (ಇದೂ ಬ್ಯಾಕ್ಟೀರಿಯದ ಒಂದು ವರ್ಗವೇ) ಒಂದೆರಡು ಜಾತಿಗಳು, ವಿಶೇಷವಾಗಿ ಮೈಕ್ರೋಸಿಸ್ಟಿಸ್, ಉಳಿದವನ್ನೆಲ್ಲ ಮೆಟ್ಟಿ ಬೆಳೆಯುವುವು. ಇದರ ಕೆಲವು ತಳಿಗಳು ಯಕೃತ್ತನ್ನು ಕೆಡಿಸುವ ವಿಷವನ್ನು ಮೈಯೊಳಗೆ ಇಟ್ಟುಕೊಂಡಿರುವುವು. ಮೈಲುತುತ್ತವು ಆ ಮೈಯನ್ನು ಒಡೆಯಲು, ವಿಷವು ತಿಳಿನೀರಿನಲ್ಲಿ ಬೆರೆಯುವುದು, ಕುದಿಸಿದರೂ ಹೋಗದು. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದ ಕುಡಿಯುವ ನೀರಿನ ಕಟ್ಟೆಗೆ ಹೀಗೆಯೇ ಮೈಲುತುತ್ತ ಹಾಕಿದ ಕೆಲವು ದಿನಗಳಲ್ಲಿ ಸುಮಾರು 150 ಮಂದಿ, ಹೆಚ್ಚಾಗಿ ಮಕ್ಕಳು, ಕಾಯಿಲೆಬಿದ್ದರು. ತಾಮ್ರವಾದರೋ ಹೂಳಿನಲ್ಲಿ ಉಳಿಯುವುದು; ಆ ಹೂಳನ್ನೇ ನಾವು ಹೊಲಗಳಿಗೆ ಹೇರುವೆವು.

ಆದುದರಿಂದ ಹಾವಸೆ ಕಟ್ಟಿದ ಕೆರೆಗೆ ದನಗಳನ್ನು ಬಿಡದೆ, ಬೇರೆ ನೀರನ್ನು ತೊಟ್ಟಿಯಲ್ಲಿ ಕುಡಿಸತಕ್ಕದ್ದು. ತಿಪ್ಪೆಗಳನ್ನು ಕೆರೆಗೆ ಹರಿಯುವ ಹಳ್ಳದ ದಂಡೆಯಿಂದ ದೂರ ಸರಿಸತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದುದು, ಕೆರೆಯ ಮೇಲ್ಭಾಗದ ಹೊಲಗಳ ಅಂಚಿನಲ್ಲಿ ಉಳದೆ ಹುಲ್ಲಿನ ಪಟ್ಟಿಯನ್ನು ಬಿಡುವುದು. ಇದರಿಂದ ಆ ಹೊಲಗಳ ಒಡೆಯರಿಗೆ ಕೆಲವು ಸಾಲು ಜೋಳದ ನಷ್ಟವಾಗುವುದು ನಿಜ. ನೀರು ಇಡೀ ಊರಿನದಾಗಿರಲು ಆ ನಷ್ಟವನ್ನು ಅವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹೂಳು ತೆಗೆಯುವಾಗ ಮೊದಲ ಬಂಡಿಗಳು ಅವರ ಹೊಲಗಳಿಗೇ ಹೋಗುವಂತೆ ಪಂಚಾಯತಿಯಲ್ಲಿ ಠರಾವು ಮಾಡಬಹುದು.