ಗಿರಿಪಥದ ಸವಾರಿಯೂ ಪೂರ್ವಸಿದ್ಧತೆಯೂ

ವಿದ್ಯಾಭ್ಯಾಸ ಮುಗಿಸಿ ಉದ್ಯೋಗಸ್ಥರಾದ ನಮ್ಮ ನಾಡಿನ ತರುಣರು ಈಚಿನ ವರ್ಷಗಳಲ್ಲಿ ಮೋಟಾರ್ ಸೈಕಲನ್ನೇರಿ ಮನಾಲಿಯಿಂದ ಲೇಹ್‌ವರೆಗಿನ ಹಿಮಾಲಯದ ದುರ್ಗಮ ಮಾರ್ಗವನ್ನು ಕ್ರಮಿಸಿ ಬರುತ್ತಿದ್ದಾರೆ. ದೇಶದರ್ಶನವೂ ವಿದ್ಯೆಯ ಒಂದು ಅಂಗವೆಂದು ಬಲ್ಲವರು ಇದನ್ನು ಹಳಿಯಲಾರರು. ಆದರೆ ಸಾಹಸಕ್ಕೂ ದುಡುಕಿಗೂ ಇರುವ ಅಂತರವು ಹೊರಡುವ ಮುನ್ನ ಮಾಡಿಕೊಂಡ ಸಿದ್ಧತೆಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿದ್ಧತೆಯೆಂದೊಡನೆ ಅನೇಕರು ವಾಹನವನ್ನಷ್ಟೇ ನೆನೆಯುತ್ತಾರೆ. ಅದು ಅವಶ್ಯವೇ ಸರಿ. ಬ್ರೇಕು, ಚೈನು, ಟೈರುಗಳನ್ನು ಪರೀಕ್ಷಿಸಬೇಕು. ಕ್ಲಚ್ ಕೇಬಲ್, ಟ್ಯೂಬು, ಪಂಕ್ಚರ್ ಸಾಮಗ್ರಿಗಳನ್ನು ಜೊತೆಗಿರಿಸಿಕೊಂಡು, ಅವುಗಳನ್ನು ಬಳಸುವ ಕ್ರಮವನ್ನು ಮನೆಯಲ್ಲಿಯೇ ಕಲಿತಿರಬೇಕು. ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟು ಸವಾರನಿಗೂ ಹಿಂಬದಿಯವನಿಗೂ ಇರಬೇಕು. ಹೊರೆ ಹೇರಿದ ವಾಹನವನ್ನು ಕಲ್ಲುಮರಳಿನ ಹಾದಿಯಲ್ಲಿ ನಡೆಸುವ ಅಭ್ಯಾಸವು ಊರ ಸಮೀಪದಲ್ಲಿಯೇ ಆಗಿರಬೇಕು.

ಇವೆಲ್ಲಕ್ಕೂ ಮಿಗಿಲಾದುದು ದೇಹದ ಸಿದ್ಧತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಮನಾಲಿ ಸುಮಾರು 6,700 ಅಡಿ. ಮನಾಲಿಯಿಂದ ಹೊರಟು ಅದೇ ರಾತ್ರಿ ಸರ್ಚುವಿನಲ್ಲಿ ತಂಗುವವನು 14,000 ಅಡಿ ಎತ್ತರದಲ್ಲಿ ಮಲಗುತ್ತಾನೆ. ಅಲ್ಲಿಯ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ತಲೆನೋವು, ವಾಕರಿಕೆ, ತಲೆಸುತ್ತು ಅಲ್ಲಿ ಕಟ್ಟುಮಸ್ತಾದ ಯುವಕನನ್ನೂ ಬಿಡುವುದಿಲ್ಲ. 10,000 ಅಡಿ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 1,600 ಅಡಿಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ. ಆ ಮಾರ್ಗದಲ್ಲಿ ಇದನ್ನು ಪೂರ್ಣವಾಗಿ ಪಾಲಿಸುವುದು ಕಷ್ಟವಾದರೂ, ಜಿಸ್ಪಾದಂಥ ತಗ್ಗಿನ ಊರಿನಲ್ಲಿ ಎರಡು ರಾತ್ರಿ ತಂಗಿ ದೇಹವನ್ನು ಪಳಗಿಸಿಕೊಳ್ಳಬಹುದು.

ಹಾಗೆ ತಂಗದಿರುವುದಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ, ರಜೆಯ ಲೆಕ್ಕಾಚಾರ. ದಿನಗಳನ್ನು ಎಣಿಸಿ ಹೊರಟವನು ಜೊತೆಗಾರರ ಮುಂದೆ ತಲೆನೋವನ್ನು ಮರೆಮಾಚುತ್ತಾನೆ. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ಉಕ್ಕುವ ಹಳ್ಳವನ್ನು ಮರುದಿನ ಬೆಳಗ್ಗೆ ದಾಟೋಣವೆನ್ನಲು ಅವನಿಗೆ ವ್ಯವಧಾನವಿಲ್ಲ. ಆದುದರಿಂದ ಎರಡು ದಿನಗಳನ್ನಾದರೂ ಹೆಚ್ಚಾಗಿ ಇರಿಸಿಕೊಂಡೇ ಹೊರಡಬೇಕು. ಒಬ್ಬನಿಗೆ ಅಸ್ವಸ್ಥತೆಯಾದರೆ ತಂಡವು ಮೇಲೇರದೆ ನಿಲ್ಲಬೇಕು; ಉಲ್ಬಣಿಸಿದರೆ ಅವನೊಡನೆ ಕೂಡಲೇ ಕೆಳಗಿಳಿಯಬೇಕು. ಈ ಒಡಂಬಡಿಕೆ ಊರಿನಲ್ಲಿಯೇ ಆಗಿರಬೇಕು.

ಇಷ್ಟು ಕಟ್ಟುಪಾಡಿದ್ದರೆ ಸಾಹಸವೆಲ್ಲಿ ಉಳಿಯಿತೆಂದು ಕೆಲವರು ಆಕ್ಷೇಪಿಸಬಹುದು. ಗೆಳೆಯನ ಪ್ರಾಣವನ್ನು ಪಣವಾಗಿಡುವುದು ಸಾಹಸವೆನಿಸದು. ಗಿರಿಶಿಖರವನ್ನೇರಿ ಬಂದವನನ್ನು ಹಾರ ಹಾಕಿ ಮನ್ನಿಸುವ ನಾವು, ಜೊತೆಗಾರನಿಗಾಗಿ ಅರ್ಧದಾರಿಯಿಂದ ಹಿಂದಿರುಗಿದವನನ್ನೂ ಅಷ್ಟೇ ಆದರದಿಂದ ಬರಮಾಡಿಕೊಳ್ಳಬೇಕು. ಹಿಂದಿರುಗಲು ತರುಣರು ನಾಚದಂತೆ ಮಾಡುವುದು ಹಿರಿಯರಾದ ನಮ್ಮೆಲ್ಲರ ಹೊಣೆ.