ಪಡಸಾಲೆಯನ್ನು ಮರೆಯದ ಆಧುನಿಕತೆ

ಹಳೆಯದನ್ನು ಕಳಚಿಹಾಕುವುದೇ ಆಧುನಿಕತೆಯೆಂಬ ನಂಬಿಕೆ ಸಾಹಿತ್ಯದ ತರಗತಿಗಳಲ್ಲಿ ಇನ್ನೂ ಬಲವಾಗಿದೆ. ಈ ನಂಬಿಕೆಯನ್ನು ಪರೀಕ್ಷಿಸಲು ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಕಾವ್ಯದೊಂದಿಗೆ ಕಟ್ಟಡಗಳನ್ನೂ ಓದಬೇಕು.

ಮೆಕ್ಸಿಕೋದ ಲೂಯಿಸ್ ಬರಗಾನ್ (1902–1988) ಎಂಜಿನಿಯರಿಂಗ್ ಕಲಿತು ವಾಸ್ತುಶಿಲ್ಪಕ್ಕೆ ಬಂದವರು. 1931ರಲ್ಲಿ ಯುರೋಪಿನಲ್ಲಿ ಆಧುನಿಕ ವಾಸ್ತುಶಿಲ್ಪದ ಆಚಾರ್ಯ ಲ ಕಾರ್ಬೂಸಿಯೇ ಅವರನ್ನು ಕಂಡರು. ಅಲ್ಲಿನ ಸರಳ ರೇಖೆಗಳನ್ನು ಸ್ವೀಕರಿಸಿದರೂ ತಮ್ಮ ನಾಡಿನ ದಪ್ಪ ಗೋಡೆ, ಗಾಢ ಬಣ್ಣ, ಅಂಗಳದ ನೀರನ್ನು ಬಿಡಲಿಲ್ಲ. 1948ರಲ್ಲಿ ಮೆಕ್ಸಿಕೋ ನಗರದಲ್ಲಿ ಅವರು ಕಟ್ಟಿಕೊಂಡ ಮನೆ ಬೀದಿಯಿಂದ ನೋಡುವವರಿಗೆ ಬರಿಯ ಗೋಡೆ. ಒಳಗೆ ಬೆಳಕು, ತೋಟ, ಮೌನ. 2004ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕನ್ನಡ ನಾಡಿನಲ್ಲಿ ಇದೇ ದಾರಿಯ ಕುರುಹು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆ. ಅದರ ಶಿಲ್ಪಿ ಬಾಲಕೃಷ್ಣ ದೋಶಿ (1927–2023) ಪುಣೆಯ ಪೀಠೋಪಕರಣ ತಯಾರಕರ ಮನೆತನದವರು. 1951ರಿಂದ ಪ್ಯಾರಿಸ್ಸಿನಲ್ಲಿ ಕಾರ್ಬೂಸಿಯೇ ಅವರ ಬಳಿಯೇ ದುಡಿದವರು. ಆದರೂ ಬೆಂಗಳೂರಿನಲ್ಲಿ ಅವರು ಗುರುವಿನ ಕಟ್ಟಡದ ಪಡಿಯಚ್ಚನ್ನು ನಿಲ್ಲಿಸಲಿಲ್ಲ. ಭಾರತದ ಹಳೆಯ ನಗರಗಳನ್ನೂ ದೇವಾಲಯಗಳನ್ನೂ ನೆನೆದು, ಒರಟು ಬೂದುಗಲ್ಲಿನ ಗೋಡೆಗಳು, ಉದ್ದನೆಯ ಮೊಗಸಾಲೆಗಳು, ಅಂಗಳಗಳು, ಬಳ್ಳಿಯ ಚಪ್ಪರಗಳನ್ನು ಹೆಣೆದರು. ಹೊತ್ತು ಸರಿದಂತೆ ಅಲ್ಲಿ ನೆರಳೂ ಸರಿಯುತ್ತದೆ. ಬರಗಾನರಿಗೆ 1980ರಲ್ಲಿ ಸಂದ ಪ್ರಿಟ್ಜ್ಕರ್ ಪ್ರಶಸ್ತಿ 2018ರಲ್ಲಿ ದೋಶಿಯವರಿಗೆ ದೊರೆಯಿತು. ಅದನ್ನು ಪಡೆದ ಮೊದಲ ಭಾರತೀಯರು ಅವರೇ.

ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಮಾಡಿದ್ದೂ ಇದನ್ನೇ: ಹೊರಗಿನಿಂದ ಬಂದ ಭಾವಕ್ಕೆ ಕನ್ನಡದ ಲಯವನ್ನು ಕಟ್ಟಿಕೊಟ್ಟರು. ಹೊರಗಿನದನ್ನು ತರುವುದು ತಪ್ಪಲ್ಲ. ಅದನ್ನು ನಿಲ್ಲಿಸಲು ತನ್ನದೇ ನೆಲವಿರಬೇಕು.

ಕಾರಮಡೈ ಸುತ್ತಿನ ಕನ್ನಡ ಮನೆಗಳ ವಿದ್ಯಾರ್ಥಿಗಳಿಗೆ ಈ ಮಾತು ದೂರದ್ದಲ್ಲ. ಅವರಿಗೆ ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಆ ಕನ್ನಡದ ಎಷ್ಟೋ ಪದಗಳು ಜಗಲಿ, ಪಡಸಾಲೆ, ಅಟ್ಟ, ಹಿತ್ತಿಲು, ಮಗ್ಗದ ಕೋಣೆಗಳಿಗೆ ಅಂಟಿಕೊಂಡು ಬದುಕಿವೆ. ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿದಾಗ ಆ ಜಾಗಗಳೊಂದಿಗೆ ಅವುಗಳ ಹೆಸರುಗಳೂ ಹೋಗುತ್ತವೆ. ಸೋರುವ ಹೆಂಚಿನ ಕೆಳಗೇ ಬಾಳಿರೆಂದು ಯಾರಿಗೂ ಹೇಳುವಂತಿಲ್ಲ. ಹೊಸ ಮನೆ ಬೇಕು. ಆದರೆ ಅದರಲ್ಲಿ ಜಗಲಿಗೆ ಎಡೆಯಿರಬಾರದೆಂದು ಯಾವ ಆಧುನಿಕತೆಯೂ ವಿಧಿಸಿಲ್ಲ.

ಆದುದರಿಂದ ಈ ವರ್ಷದ ಕಿರುಪ್ರಬಂಧಕ್ಕೆ ವಿಷಯ ಹುಡುಕುವವರು ತಮ್ಮ ಮನೆಯನ್ನೇ ಆರಿಸಿಕೊಳ್ಳಲಿ. ಅಜ್ಜಿಯ ಜೊತೆ ಕೋಣೆಯಿಂದ ಕೋಣೆಗೆ ನಡೆದು ಪ್ರತಿ ಮೂಲೆಯ ಹೆಸರನ್ನೂ ಅಲ್ಲಿ ನಡೆಯುತ್ತಿದ್ದ ಕೆಲಸವನ್ನೂ ಬರೆದಿಡಲಿ. ಪದವು ತಮಿಳೋ ಕನ್ನಡವೋ ಎಂದು ಸಂಕೋಚಪಡದೆ, ಮನೆಯವರು ಆಡುವಂತೆಯೇ ದಾಖಲಿಸಲಿ. ನಾಳೆ ಆ ಜಾಗದಲ್ಲಿ ಹೊಸ ಮನೆ ಕಟ್ಟುವವರಿಗೆ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ಆ ಬರಹದಿಂದ ತಿಳಿದೀತು.