ಅಟ್ಟದಿಂದ ಇಳಿದ ಆಂಪ್ಲಿಫೈಯರು

ತಾತನ ಕಾಲದ ಪದಾರ್ಥವೊಂದಕ್ಕೆ ಮೊಮ್ಮಗನು, ಅದು ಹೊಸತಾಗಿದ್ದಾಗಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ತೆತ್ತು ಮನೆಗೆ ತರುವ ವಿನೋದವನ್ನು ಇಂಗ್ಲೆಂಡಿನ ಸಂಗೀತಪ್ರಿಯರಲ್ಲಿ ಕಾಣಬಹುದು. ಹಂಟಿಂಗ್ಡನ್ನಿನಲ್ಲಿ ಪೀಟರ್ ವಾಕರ್ ಅವರ ಕಾರ್ಖಾನೆಯು ೧೯೫೩ರಲ್ಲಿ ಹೊರತಂದ ‘ಕ್ವಾಡ್ ಟೂ’ ಆಂಪ್ಲಿಫೈಯರು ಅಂತಹುದೊಂದು. ಅದರ ಶಕ್ತಿ ೧೫ ವ್ಯಾಟುಗಳಷ್ಟೆ. ಒಂದೇ ವಾಹಿನಿಯ ಯಂತ್ರವಾದುದರಿಂದ ಸ್ಟೀರಿಯೋ ಬಯಸುವವರು ಜೋಡಿಯನ್ನೇ ಕೊಳ್ಳಬೇಕು. ೧೯೬೭ರಲ್ಲಿ ಅದೇ ಕಾರ್ಖಾನೆಯಿಂದ ಟ್ರಾನ್ಸಿಸ್ಟರಿನ ‘೩೦೩’ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ವಾಲ್ವಿನ ಯಂತ್ರ ಅಟ್ಟವನ್ನೇರಿತು. ಈಗ ಅಲ್ಲಿಂದ ಇಳಿದುಬರುತ್ತಿದೆ.

“ನೋಡಿ ಸ್ವಾಮಿ, ದೀಪ ಹತ್ತುತ್ತದೆ” ಎಂಬುದೊಂದೇ ಮಾರುವವನ ಸಾಕ್ಷ್ಯ. ವಾಲ್ವು ಬೆಳಗಿತೆಂದು ಹಣ ಎಣಿಸಿಕೊಡುವವರೂ ಉಂಟು! ನಿಜವಾದ ಅಪಾಯವಿರುವುದು ಬೆರಳಗಾತ್ರದ ಕಂಡೆನ್ಸರುಗಳಲ್ಲಿ. ಮೊದಲಿನ ವಾಲ್ವಿನ ಧ್ವನಿಸಂಕೇತವನ್ನು ಕೆ.ಟಿ. ೬೬ ಎಂಬ ದೊಡ್ಡ ವಾಲ್ವಿಗೆ ದಾಟಿಸಿ, ನೇರ ವಿದ್ಯುತ್ತನ್ನು ಮಾತ್ರ ತಡೆದು ನಿಲ್ಲಿಸುವುದು ಅವುಗಳ ಕೆಲಸ. ವಯಸ್ಸಾದಂತೆ ಈ ತಡೆ ಸೋರತೊಡಗುತ್ತದೆ. ಆಗ ದೊಡ್ಡ ವಾಲ್ವು ಮಿತಿಮೀರಿ ವಿದ್ಯುತ್ತನ್ನೆಳೆದು, ಒಳಗಿನ ತಗಡು ಕೆಂಪಗೆ ಕಾಯ್ದು, ಕೊನೆಗೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ವಾಲ್ವುಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಆದರೆ ವಾಕರ್ ಅವರ ಕಾರ್ಖಾನೆಯಲ್ಲಿ ಸುತ್ತಿದ ಆ ಟ್ರಾನ್ಸ್‌ಫಾರ್ಮರನ್ನು ಕಳೆದುಕೊಂಡವನಿಗೆ ಉಳಿಯುವುದು ಬರಿಯ ಕಬ್ಬಿಣದ ಡಬ್ಬಿ.

ಆದುದರಿಂದ ಅಟ್ಟದಿಂದ ಇಳಿದ ಯಂತ್ರಕ್ಕೆ ಅಂದೇ ಸಂಜೆ ಪೂರ್ಣ ವಿದ್ಯುತ್ತನ್ನು ಕೊಡಲಾಗದು. ಅನುಭವಸ್ಥ ರಿಪೇರಿಯವನು ಒಂದು ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಪರೀಕ್ಷಿಸುತ್ತಾನೆ. ಒಳಗೆ ದೋಷವಿದ್ದರೆ ಬಲ್ಬು ಪ್ರಖರವಾಗಿ ಉರಿದು, ಯಂತ್ರ ಉಳಿದುಕೊಳ್ಳುತ್ತದೆ. ಕೆ.ಟಿ. ೬೬ರ ಗ್ರಿಡ್ಡಿನಲ್ಲಿ ನೇರ ವೋಲ್ಟೇಜು ಸೊನ್ನೆಯ ಸಮೀಪವಿದೆಯೇ ಎಂದು ಅಳೆದರೆ ಸೋರಿಕೆಯ ಗುಟ್ಟು ರಟ್ಟಾಗುತ್ತದೆ. ಈ ಕೆಲಸವನ್ನು ಮನೆಯವರು ಮಾಡಹೊರಡಬಾರದು. ಒಳಗೆ ಮುನ್ನೂರಕ್ಕೂ ಮೀರಿದ ವೋಲ್ಟು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಅದು ಹೊಂಚಿಕೊಂಡಿರಬಹುದು.

ಹಳೆಯ ಬಿಡಿಭಾಗ ಬದಲಾದರೆ ಯಂತ್ರದ ‘ಅಸಲುತನ’ ಹೋಯಿತೆಂದು ಸಂಗ್ರಾಹಕರು ಮುಖ ಸಿಂಡರಿಸುವುದುಂಟು. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿಡುವವರಿಗೆ ಆ ಮಡಿ ಒಪ್ಪೀತು. ಮಕ್ಕಳು ಓಡಾಡುವ ಮನೆಯಲ್ಲಿ ಸೋರುವ ಕಂಡೆನ್ಸರನ್ನೂ ರಬ್ಬರು ಬಿರಿದ ತಂತಿಯನ್ನೂ ಪೂಜಿಸುವುದು ಹುಚ್ಚುತನ. ತೆಗೆದ ಭಾಗಗಳನ್ನು ಲಕೋಟೆಯಲ್ಲಿ ಕಟ್ಟಿಟ್ಟರೆ ಮುಂದೆ ಕೊಳ್ಳುವವನ ಮನಸ್ಸೂ ತಣಿಯುತ್ತದೆ.

ಉಳಿದದ್ದು ಸುಲಭ. ವೋಲ್ಟೇಜಿನ ಆಯ್ಕೆ ಮನೆಯ ವಿದ್ಯುತ್ತಿಗೆ ಹೊಂದಿರಬೇಕು. ಸ್ಪೀಕರು ಜೋಡಿಸದೆ ನುಡಿಸಬಾರದು. ೧೫ ವ್ಯಾಟು ಸಾಲದೆಂದು ಅಂಜುವವರು, ಇದೇ ಕಾರ್ಖಾನೆಯು ೧೯೫೭ರಲ್ಲಿ ತಂದ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರನ್ನು ಈ ಪುಟ್ಟ ಯಂತ್ರದಿಂದಲೇ ನುಡಿಸುತ್ತಿದ್ದುದನ್ನು ನೆನೆಯಬಹುದು. ಚೆಂದಕ್ಕೆಂದು ಯಂತ್ರವನ್ನು ಬೀರುವಿನೊಳಗೆ ಮುಚ್ಚಿಡದೆ, ಸುತ್ತ ಗಾಳಿಯಾಡುವಂತೆ, ಚಿಕ್ಕವರ ಕೈಗೆಟುಕದ ಗಟ್ಟಿ ಹಲಗೆಯ ಮೇಲೆ ಇರಿಸಬೇಕು. ವಾಲ್ವಿನ ಗಾಜು ಬೆರಳನ್ನು ಚುರುಕ್ಕೆನಿಸುವಷ್ಟು ಕಾಯ್ದಿರುತ್ತದೆ.